ಯಾರ ಮನೆಯ ರದ್ದಿ ಇದು?

ಈ ದೇಶದಲ್ಲಿ ಕೊಲೆ ಹಳತಾಗುವುದಿಲ್ಲ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳು ಇಂತಿಷ್ಟು ದಿನದೊಳಗೆ ಕೋರ್ಟಿಗೆ ಬರಬೇಕೆಂಬ ಕಾಲಮಿತಿ ಇದೆ, ಅದಕ್ಕಿಂತ ದೊಡ್ಡವಕ್ಕೆ ಇಲ್ಲ. ಮೂವತ್ತು ವರ್ಷದ ಕೆಳಗೆ ಹುಲಿಕಲ್ ಘಾಟಿಯಲ್ಲಿ ಹೆಣ ಉರುಳಿಸಿ ಹೋದವನೊಬ್ಬ ಇವತ್ತು ಮೊಮ್ಮಕ್ಕಳ ನಡುವೆ ಜಗಲಿಯ ಮೇಲೆ ಕೂತು ಅಡಿಕೆ ಸುಲಿಸುತ್ತಿದ್ದರೂ ಅವನನ್ನು ಎಬ್ಬಿಸಿ ಜೀಪು ಹತ್ತಿಸಲು ಕಾನೂನಿನ ಅಡ್ಡಿ ಏನೂ ಇಲ್ಲ. ಅಡ್ಡಿ ಬರುವುದು ಬೇರೆ ಕಡೆಯಿಂದ. ಅವನನ್ನು ಹಿಡಿದುಕೊಡಬಹುದಾಗಿದ್ದ ಸೀರೆಯ ತುಂಡು, ರಕ್ತದ ಕಲೆಯ ಟವೆಲು, ಹೆಣದ ನಾಲ್ಕು ಫೋಟೊ, ಮಹಜರಿನ ಎರಡು ಹಾಳೆ, ಇವನ್ನೆಲ್ಲ ಸರ್ಕಾರವೇ ಕೈಯಾರೆ ಸುಟ್ಟಿರುತ್ತದೆ. ಯಾರಿಗೂ ಹೇಳದೆ, ಯಾರನ್ನೂ ಕೇಳದೆ, ಬಚ್ಚಲೊಲೆಗೆ ಒಣಗಿದ ಹಾಳೆ ತುರುಕಿದಷ್ಟು ಸಲೀಸಾಗಿ.

ಊಹೆಯ ಮೇಲೆ ಹೇಳುತ್ತಿಲ್ಲ. 2025ರ ಜುಲೈಯಲ್ಲಿ, ಹಿಂದೆ ಧರ್ಮಸ್ಥಳದಲ್ಲಿ ಸ್ವಚ್ಛತಾ ಕೆಲಸ ಮಾಡುತ್ತಿದ್ದವನೊಬ್ಬ ತಾನು ಅಲ್ಲಿ ಅನೇಕ ಹೆಣ ಹೂಳಿದ್ದೇನೆಂದು ದೂರು ಕೊಟ್ಟ. ಸರ್ಕಾರ ಎಸ್‌ಐಟಿ ರಚಿಸಿತು. ನೇತ್ರಾವತಿಯ ದಂಡೆಯಲ್ಲಿ, ಕಾಡಿನಲ್ಲಿ ಅಗೆತ ನಡೆಯಿತು. ಆಗಸ್ಟ್ 23ರಂದು ದೂರು ಕೊಟ್ಟವನನ್ನೇ ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಬಂಧಿಸಲಾಯಿತು. ಈ ಗದ್ದಲದ ನಡುವೆ ಪತ್ರಿಕೆಗಳಲ್ಲಿ ಇನ್ನೊಂದು ಸುದ್ದಿ ಬಂದು ಹೋಯಿತು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದವರಿಗೆ ಬೆಳ್ತಂಗಡಿ ಪೊಲೀಸರು ಕೊಟ್ಟ ಉತ್ತರದ ಸುದ್ದಿ ಅದು: 2000ದಿಂದ 2015ರವರೆಗಿನ ಅಸಹಜ ಸಾವಿನ ದಾಖಲೆಗಳನ್ನು ಆಡಳಿತದ ವಾಡಿಕೆಯ ಆದೇಶದಂತೆ ನಾಶಪಡಿಸಲಾಗಿದೆ. ಗುರುತು ಸಿಗದ ಹೆಣಗಳ ಫೋಟೊ, ನೋಟಿಸುಗಳು ಸಹ ಅದರೊಳಗೇ ಹೋಗಿದ್ದವು.

ದೂರು ಕೊಟ್ಟವನು ಹೇಳಿದ್ದು ಸುಳ್ಳೇ ಇರಬಹುದು. ಅದನ್ನು ಕೋರ್ಟು ಹೇಳಲಿ, ನಾನು ಹೇಳುವುದಿಲ್ಲ. ಆದರೆ ಅವನ ಮಾತು ಸುಳ್ಳೆಂದು ತೋರಿಸಲಿಕ್ಕೂ ಆ ಕಾಗದಗಳೇ ಬೇಕಿದ್ದವಲ್ಲ? ಇಂಥ ದಿನ ಇಂಥ ಹೆಣ ಸಿಕ್ಕಿತು, ಇಂಥ ಡಾಕ್ಟರು ಕೊಯ್ದು ನೋಡಿದರು, ಇಂಥ ಕಡೆ ಪಂಚಾಯಿತಿಯವರು ಹೂಳಿದರು ಎಂದು ಹದಿನೈದು ವರ್ಷದ ಲೆಕ್ಕ ಮೇಜಿನ ಮೇಲೆ ಇಟ್ಟಿದ್ದರೆ ಅರ್ಧ ಗದ್ದಲ ಒಂದೇ ವಾರದಲ್ಲಿ ಇಳಿಯುತ್ತಿತ್ತು. ಆರೋಪ ಮಾಡಿದವರಿಗೂ ಆರೋಪ ಹೊತ್ತವರಿಗೂ ಒಟ್ಟಿಗೇ ದ್ರೋಹ ಬಗೆಯುವ ಕೆಲಸ ಇದೊಂದೇ ಇರಬೇಕು. ಒಂದು ಕಡೆಯವರು ಬೆಂಕಿ ಇಟ್ಟದ್ದೇ ಮುಚ್ಚಿಹಾಕಲಿಕ್ಕೆ ಅಂದರು. ಇನ್ನೊಂದು ಕಡೆಯವರಿಗೆ ಅಲ್ಲವೆನ್ನಲು ಕೈಯಲ್ಲಿ ಏನೂ ಉಳಿದಿರಲಿಲ್ಲ.

ಬೆಳ್ತಂಗಡಿ ಘಟ್ಟದ ಕೆಳಗಿನದು, ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಅದರ ಉಸಾಬರಿ ಏಕೆ ಅನ್ನುವವರಿದ್ದಾರೆ. ಪೊಲೀಸ್ ಕೈಪಿಡಿ ರಾಜ್ಯಕ್ಕೆಲ್ಲ ಒಂದೇ. ಅಲ್ಲಿ ವಾಡಿಕೆಯಾದದ್ದು ಇಲ್ಲಿ ವಾಡಿಕೆಯಲ್ಲ ಎಂದು ನಂಬಲಿಕ್ಕೆ ಕಾರಣ ಬೇಕು, ಅದನ್ನು ಯಾರೂ ಕೊಟ್ಟಿಲ್ಲ.

ಮತ್ತೆ ನಮ್ಮ ಸೀಮೆ ಎಂಥದ್ದೆಂದು ನೋಡಿ. 1964ರಲ್ಲಿ ಮುಗಿದ ಲಿಂಗನಮಕ್ಕಿಯ ಹಿನ್ನೀರು ಸಾಗರ, ಹೊಸನಗರ ಎರಡರ ಹೊಟ್ಟೆಯೊಳಗೂ ಚಾಚಿಕೊಂಡಿದೆ. ಆಚೆಗೆ ಮಾಣಿ, ಚಕ್ರಾ, ಸಾವೇಹಕ್ಲು. ತೀರ್ಥಹಳ್ಳಿಯ ಪೇಟೆಯ ಪಕ್ಕದಲ್ಲೇ ತುಂಗೆ. ಕಡೆಗೆ ಜೋಗ. ಕರಾವಳಿಗೆ ಇಳಿಯಲು ಆಗುಂಬೆ ಘಾಟಿ, ಹುಲಿಕಲ್ ಘಾಟಿ. ರಾತ್ರಿ ಮಂಜು ಕವಿದ ಮೇಲೆ ಈ ದಾರಿಗಳಲ್ಲಿ ಯಾವ ಕಾರು ಯಾವ ತಿರುವಿನಲ್ಲಿ ಎಷ್ಟು ಹೊತ್ತು ನಿಂತಿತ್ತೆಂದು ಹೇಳಲು ಮಂಗಗಳೂ ಎಚ್ಚರ ಇರುವುದಿಲ್ಲ. ಎಲ್ಲಿಯವರನ್ನೋ ಕೊಂದು ಇಲ್ಲಿ ತಂದು ಎಸೆಯುತ್ತಾರೆ. ಇಲ್ಲಿಯವರನ್ನು ಕೊಂದು ಕೆಳಗೆ ದಾಟಿಸುತ್ತಾರೆ. ಹೆಣ ತಿರುವಿನ ಆಚೆ ಬಿದ್ದರೆ ಹೆಬ್ರಿಯದೋ ಅಮಾಸೆಬೈಲಿನದೋ, ಈಚೆ ಬಿದ್ದರೆ ಆಗುಂಬೆಯದೋ ನಗರದ್ದೋ. ಒಂದು ಠಾಣೆಯಲ್ಲಿ ಕಾಣೆಯಾದವರ ದೂರು, ಘಟ್ಟದ ಕೆಳಗಿನ ಇನ್ನೊಂದು ಠಾಣೆಯಲ್ಲಿ ಗುರುತು ಸಿಗದ ಹೆಣದ ಫೋಟೊ. ಎರಡನ್ನೂ ಒಬ್ಬನೇ ಮನುಷ್ಯ ಒಂದೇ ದಿನ ನೋಡಿದರೆ ಸಾಕಿತ್ತು, ಒಂದು ಮನೆಯವರ ಕಾಯುವಿಕೆ ಮುಗಿಯುತ್ತಿತ್ತು. ಎರಡರಲ್ಲಿ ಒಂದು ಸುಟ್ಟುಹೋದ ಮೇಲೆ ಇನ್ನೊಂದನ್ನು ಇಟ್ಟುಕೊಂಡು ಏನು ಮಾಡುವುದು?

ಅಸಹಜ ಸಾವಿನ ಕಡತವನ್ನು ಠಾಣೆಯಲ್ಲೂ ಊರಲ್ಲೂ ಎಲ್ಲರೂ ಯುಡಿಆರ್ ಅನ್ನುತ್ತಾರೆ. ಬಾವಿಗೆ ಬಿದ್ದವರು, ಹಿನ್ನೀರಿನಲ್ಲಿ ತೇಲಿದವರು, ನೇಣು ಹಾಕಿಕೊಂಡವರು, ತೋಟಕ್ಕೆ ಹೊಡೆಯುವ ಔಷಧಿ ಕುಡಿದವರು, ಸೀಮೆಎಣ್ಣೆ ಸುರಿದುಕೊಂಡವರು ಎಲ್ಲರಿಗೂ ಅದೇ ಬಾಗಿಲು. ಮೊದಲು ಸಿಆರ್‌ಪಿಸಿಯ 174ನೇ ಕಲಮಿನಡಿ, 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 194ರಡಿ ವಿಚಾರಣೆ ಆಗುತ್ತದೆ. ಪಂಚರ ಎದುರು ಶವ ಪಂಚನಾಮೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ, ಅನುಮಾನ ಇದ್ದರೆ ವಿಸೆರಾ ಬಾಟಲಿಗೆ ಅರಗಿನ ಮುದ್ರೆ ಒತ್ತಿ ಪ್ರಯೋಗಾಲಯಕ್ಕೆ. ವರದಿ ಬರುವ ಹೊತ್ತಿಗೆ ತನಿಖೆ ಮಾಡಿದ ಎಸ್‌ಐ ವರ್ಗವಾಗಿ ಹೋಗಿರುತ್ತಾರೆ. ಹೊಸಬರು ಕಡತ ಬಿಚ್ಚಿ ನೋಡಿ, ಅನುಮಾನವಿಲ್ಲ ಎಂದು ಬರೆದು ಮುಗಿಸುತ್ತಾರೆ. ಕೊಲೆಯೊಂದು ಆತ್ಮಹತ್ಯೆಯ ವೇಷ ಹಾಕಿಕೊಂಡು ಪಾರಾಗುವುದಿದ್ದರೆ ಪಾರಾಗುವುದು ಇದೇ ಬಾಗಿಲಿನಿಂದ. ಆದ್ದರಿಂದ ಯಾವ ಕಡತವನ್ನು ಎಲ್ಲಕ್ಕಿಂತ ಹೆಚ್ಚು ಕಾಲ ಕಾಪಾಡಬೇಕಿತ್ತೋ ಅದನ್ನೇ ನಮ್ಮವರು ಎಲ್ಲಕ್ಕಿಂತ ಹಗುರದ್ದೆಂದು ತಿಳಿದಿದ್ದಾರೆ.

ಇದಕ್ಕಿಂತ ಕೆಟ್ಟದ್ದು ಕೋರ್ಟಿನ ಕಾಗದದಲ್ಲೇ ಇದೆ. ಸೆಷನ್ಸ್ ನ್ಯಾಯಾಲಯದ ಯಾವುದಾದರೂ ಕೊಲೆ ತೀರ್ಪಿನ ಕೊನೆಯ ಪುಟ ತೆಗೆದು ಓದಿ. ಆರೋಪಿಗೆ ಏನಾಯಿತೆಂದು ಹೇಳಿದ ಮೇಲೆ ಮುದ್ದೆಮಾಲಿನ ವಿಲೇವಾರಿ ಬರುತ್ತದೆ. ಬಂಗಾರದ ಸರ ಇದ್ದರೆ ವಾರಸುದಾರರಿಗೆ. ಬೈಕಿದ್ದರೆ ಆರ್‌ಸಿ ಯಾರ ಹೆಸರಲ್ಲಿದೆಯೋ ಅವರಿಗೆ. ನಗದು ಸರ್ಕಾರಕ್ಕೆ. ಆಮೇಲೆ ಬರುವ ಸಾಲು, ಎಂ.ಓ. (ಮುದ್ದೆಮಾಲು) ಇಂತಿಂಥವು ಬೆಲೆಯಿಲ್ಲದ ವಸ್ತುಗಳಾದ್ದರಿಂದ ಅಪೀಲು ಅವಧಿ ಮುಗಿದ ಮೇಲೆ ನಾಶಪಡಿಸತಕ್ಕದ್ದು. ಆ ಬೆಲೆಯಿಲ್ಲದ ವಸ್ತುಗಳು ಯಾವುವೆಂದು ಪಟ್ಟಿಯಲ್ಲಿ ಹುಡುಕಿ ನೋಡಬೇಕು. ಸತ್ತವಳ ನೈಟಿ. ಅವಳ ತಲೆಗೂದಲಿನ ಕವರು. ಒಡೆದ ಬಳೆ ಚೂರು. ರಕ್ತ ಹೀರಿದ ಮಣ್ಣು, ಪಕ್ಕದಲ್ಲೇ ತೆಗೆದ ರಕ್ತವಿಲ್ಲದ ಮಣ್ಣು. ಒಂದು ಕತ್ತಿ.

ಶಿಕ್ಷೆಯಾದ ಪ್ರಕರಣದಲ್ಲಿ ಹೀಗೆ ಬರೆದರೆ ಹೋಗಲಿ ಅನ್ನಬಹುದು. ಆರೋಪಿ ಖುಲಾಸೆಯಾದ ತೀರ್ಪಿನಲ್ಲೂ ಇದೇ ಸಾಲು ಇರುತ್ತದಲ್ಲ, ಅದಕ್ಕೇನು ಹೇಳೋಣ? ಇವನು ಕೊಂದದ್ದಕ್ಕೆ ಪುರಾವೆ ಸಾಲದು ಎಂದ ಕ್ಷಣದಲ್ಲೇ ಆ ಕೊಲೆ ಮತ್ತೆ ಪತ್ತೆಯಾಗದ ಕೊಲೆಯಾಯಿತು. ಕೊಂದವನು ಹೊರಗೆಲ್ಲೋ ಇದ್ದಾನೆ, ಅವನ ಬೆವರೋ ರಕ್ತವೋ ಆ ನೈಟಿಯ ಮೇಲೆ ಇರಬಹುದು. ಅದೇ ತೀರ್ಪು, ಅದೇ ಸಹಿ, ನಾಲ್ಕು ಸಾಲು ಕೆಳಗೆ ನೈಟಿಯನ್ನು ಸುಡಲು ಹೇಳುತ್ತದೆ. ಯಾರ ದುರುದ್ದೇಶವೂ ಅಲ್ಲಿ ಇಲ್ಲ. ಹಿಂದಿನ ತೀರ್ಪಿನಿಂದ ಎತ್ತಿ ಇಟ್ಟ ಸಾಲು ಅದು, ಟೈಪು ಮಾಡುವವರಿಗೆ ಬಾಯಿಪಾಠ. ದುರುದ್ದೇಶ ಇದ್ದಿದ್ದರೆ ಒಬ್ಬ ಶತ್ರುವಾದರೂ ಕಾಣುತ್ತಿದ್ದ. ಉಡಾಫೆಯ ಮೇಲೆ ಯಾವ ಮೆರವಣಿಗೆ ಹೊರಡಿಸುವುದು?

ಅದೇ ಧರ್ಮಸ್ಥಳದ ಬಳಿ 2012ರ ಅಕ್ಟೋಬರ್‌ನಲ್ಲಿ ಕಾಲೇಜು ಮುಗಿಸಿ ಮನೆಗೆ ಹೊರಟ ಪಿಯುಸಿ ಹುಡುಗಿ ಹೆಣವಾಗಿ ಸಿಕ್ಕಿದ ಪ್ರಕರಣದಲ್ಲಿ ಏನಾಯಿತು? ಹಿಡಿದು ತಂದ ಮನುಷ್ಯ ಹನ್ನೊಂದನೆಯ ವರ್ಷ, 2023ರ ಜೂನ್ 16ರಂದು ಸಿಬಿಐ ವಿಶೇಷ ನ್ಯಾಯಾಲಯದಲ್ಲಿ ಖುಲಾಸೆಯಾದ. ಮೊದಲ ಹಂತದಲ್ಲಿ ಸಾಕ್ಷ್ಯ ಕಲೆಹಾಕುವಾಗಿನ ಲೋಪಗಳನ್ನು ನ್ಯಾಯಾಲಯ ಎತ್ತಿ ಆಡಿತು. 2024ರ ಆಗಸ್ಟ್‌ನಲ್ಲಿ ಹೈಕೋರ್ಟು ಸಿಬಿಐಯ ಮೇಲ್ಮನವಿ ಒಪ್ಪಲಿಲ್ಲ. ಮರು ತನಿಖೆ ಬೇಕೆಂದು ಕೇಳಿದ ತಂದೆಯ ಅರ್ಜಿಯೂ ನಿಲ್ಲಲಿಲ್ಲ. ಮೊದಲ ಎರಡು ದಿನ ಎತ್ತಿಡದೆ ಬಿಟ್ಟದ್ದನ್ನು ಆಮೇಲೆ ಯಾವ ಸಂಸ್ಥೆ ಬಂದರೂ ಹುಟ್ಟಿಸಲಾರದು.

ಇನ್ನು ಮನೆಯವರ ಪಾಡು. ಇಂಥ ಸಾವು ಕಂಡ ಮನೆಗಳಲ್ಲಿ ಬೀರುವಿನ ಮೇಲ್ಗಡೆಯೋ ದೇವರ ಗೂಡಿನ ಪಕ್ಕವೋ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಕೈಚೀಲ ಇರುತ್ತದೆ. ಎಫ್‌ಐಆರ್ ಪ್ರತಿ, ಅದರ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು. ಪೇಪರಿನ ತುಣುಕುಗಳು, ಮಡಿಕೆಯಲ್ಲಿ ಹರಿದು ಸೆಲೋಟೇಪು ಅಂಟಿಸಿದವು. ಎಸ್‌ಪಿಗೆ ಬರೆದ ಅರ್ಜಿ, ಗೃಹಮಂತ್ರಿಗೆ ಬರೆದ ಅರ್ಜಿ, ರಿಜಿಸ್ಟರ್ಡ್ ಅಂಚೆಯ ಹಳದಿ ರಸೀದಿ, ಅದರ ಮೇಲಿನ ಅಕ್ಷರ ಅಳಿಸಿ ಈಗ ಬರೀ ಚೀಟಿ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನಿಂದ ಕಿತ್ತ ಪಾಸ್‌ಪೋರ್ಟ್ ಸೈಜಿನ ಫೋಟೊ. ಎಮ್ಮೆಲ್ಲೆ ಬದಲಾದಾಗಲೆಲ್ಲ ಈ ಚೀಲ ಇಳಿಯುತ್ತದೆ, ಇಸ್ತ್ರಿ ಮಾಡಿದ ಪಂಚೆಯ ಜೊತೆ ಬಸ್ಸು ಹತ್ತುತ್ತದೆ. ಮಳೆಗಾಲ ಮುಗಿದ ಮೇಲೆ ಬಿಸಿಲಿಗೆ ಹರಡಿ, ಕಾಗದ ಒಂದೊಂದನ್ನೇ ತಿರುಗಿಸಿ ಹಾಕುತ್ತಾಳೆ ತಾಯಿ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯಲ್ಲಿ, ಸೋಗೆಯಿಂದ ಹೆಂಚಿಗೆ ಬಂದ ಮನೆಯಲ್ಲಿ, ಶಾಲೆ ಮೆಟ್ಟಿಲು ಹತ್ತದ ಹೆಂಗಸು ಕಾಗದವನ್ನು ಬೂಷ್ಟು ಹಿಡಿಯದಂತೆ ಕಾಪಾಡುತ್ತಾಳೆ. ಆರ್‌ಸಿಸಿ ಕಟ್ಟಡ, ಬೀಗ, ಕಾವಲು, ಸಂಬಳ, ರಿಜಿಸ್ಟರು ಎಲ್ಲ ಇರುವ ಸರ್ಕಾರದಿಂದ ಅದು ಆಗುವುದಿಲ್ಲ.

ಇಂಥವರಿಗಾಗಿ ಹಳೆಯ ಪ್ರಕರಣ ಕೆದಕುವ ಖಾಸಗಿ ಪತ್ತೇದಾರರು ಎಲ್ಲಿದ್ದಾರೆ? ನಮಗೆ ಸಿಕ್ಕವರು ಎನ್. ನರಸಿಂಹಯ್ಯನವರ ಪುಸ್ತಕದೊಳಗಿನ ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯರು ಮಾತ್ರ. ಲೈಬ್ರರಿಯಲ್ಲಿ ಆ ಪುಸ್ತಕಗಳ ಕೊನೆಯ ಪುಟ ಯಾರಾದರೂ ಹರಿದೊಯ್ದಿದ್ದರೆ ನಮ್ಮ ಹಿರಿಯರು ಶಾಪ ಹಾಕುತ್ತಿದ್ದರು. ನಿಜ ಲೋಕದಲ್ಲಿ ಬೆಂಗಳೂರಿನ ಡಿಟೆಕ್ಟಿವ್ ಏಜೆನ್ಸಿಗಳು ಮದುವೆಗೆ ಮುಂಚೆ ಹುಡುಗನ ಚಾಳಿ ನೋಡಿಕೊಡುತ್ತವೆ, ಗಂಡನ ಹಿಂದೆ ಬೈಕು ಓಡಿಸುತ್ತವೆ, ಕಂಪೆನಿಗೆ ಸೇರುವವರ ಪೂರ್ವಾಪರ ವಿಚಾರಿಸುತ್ತವೆ. 2007ರಲ್ಲಿ ಅವರ ಮೇಲೆ ನಿಯಂತ್ರಣ ತರುವ ಮಸೂದೆಯೊಂದು ರಾಜ್ಯಸಭೆಗೆ ಬಂತು, ಕಾಯ್ದೆಯಾಗಲೇ ಇಲ್ಲ. ಹೀಗಾಗಿ ಖಾಸಗಿ ಪತ್ತೇದಾರನಿಗೆ ಇಲ್ಲಿ ಕಾನೂನಿನ ಕುರ್ಚಿಯೇ ಇಲ್ಲ. ಅವನು ಯಾರನ್ನೂ ವಿಚಾರಣೆಗೆ ಕರೆಸಲಾರ, ಫೋನಿನ ಕರೆಪಟ್ಟಿ ತರಿಸಲಾರ, ಪ್ರಯೋಗಾಲಯಕ್ಕೆ ಏನನ್ನೂ ಕಳಿಸಲಾರ. ಅವನಿಗಿರುವ ಆಸರೆ ಹಳೆಯ ಕಡತ ಒಂದೇ. ಯಾರ ಹೇಳಿಕೆ ಯಾರ ಹೇಳಿಕೆಗೆ ತಾಳೆಯಾಗುವುದಿಲ್ಲ, ಮಹಜರಿನ ಹೊತ್ತಿಗೂ ಮರಣೋತ್ತರ ವರದಿಯ ಹೊತ್ತಿಗೂ ಎಷ್ಟು ಅಂತರ, ಯಾರನ್ನು ಕೇಳಬೇಕಿತ್ತು, ಯಾಕೆ ಕೇಳಲಿಲ್ಲ. ಇದು ಓದುವ ಕೆಲಸ. ಓದಲು ಇದ್ದದ್ದು ಬೂದಿಯಾದರೆ ಷೆರ್ಲಾಕ್ ಹೋಮ್ಸ್ ಬಂದರೂ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಚಾ ಕುಡಿದು ವಾಪಸು ಹೋಗಬೇಕು.

ಆದ್ದರಿಂದ ನಮ್ಮಲ್ಲಿ ಪತ್ತೇದಾರಿಕೆ ಮಾಡುವವರು ಮನೆಯವರೇ. ಅಪ್ಪ, ಅಣ್ಣ, ಒಬ್ಬ ವಕೀಲ, ವಾರಪತ್ರಿಕೆಯ ಒಬ್ಬ ವರದಿಗಾರ, ಮಾಹಿತಿ ಹಕ್ಕಿನ ಒಬ್ಬ ಹಠಮಾರಿ. ಅವರಿಗೆ ಸಿಗುವ ಉತ್ತರದ ಚಂದ ನೋಡಿ. ಹೊಸದರಲ್ಲಿ ಕೇಳಿದರೆ, ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಪ್ರಕಾರ ತನಿಖೆಗೆ ಅಡ್ಡಿಯಾಗುವುದರಿಂದ ಕೊಡಲಾಗದು. ಹಳತಾದ ಮೇಲೆ ಕೇಳಿದರೆ, ನಾಶಪಡಿಸಲಾಗಿದೆ. ನಡುವೆ ಯಾವ ದಿನ ಕೇಳಿದ್ದರೆ ಸಿಗುತ್ತಿತ್ತು ಮಾರಾಯ್ರೆ, ಆ ಒಂದು ದಿನವನ್ನಾದರೂ ಪಂಚಾಂಗದಲ್ಲಿ ಬರೆಸಿ.

ಉಳಿಸಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಎರಡು ವರ್ಷ ಆ ತನಿಖೆ ಎಲ್ಲಿಗೂ ಮುಟ್ಟಲಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾಯಿತು. ಧಾರವಾಡದಲ್ಲಿ ಎತ್ತಿಟ್ಟಿದ್ದ ಗುಂಡು, ಖಾಲಿ ಕೋಶಗಳನ್ನು ಬೆಂಗಳೂರಿನವುಗಳ ಪಕ್ಕ ಸೂಕ್ಷ್ಮದರ್ಶಕದಡಿ ಇಟ್ಟಾಗ ಎರಡೂ ಒಂದೇ 7.65 ಎಂ.ಎಂ. ನಾಡ ಪಿಸ್ತೂಲಿನವು ಎಂದು ಪ್ರಯೋಗಾಲಯ ಹೇಳಿತು. ಕಲಬುರ್ಗಿಯವರ ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿಗೆ ಹೋದರು. 2019ರ ಫೆಬ್ರುವರಿಯಲ್ಲಿ ಆ ಪ್ರಕರಣವೂ ಗೌರಿ ಪ್ರಕರಣದ ಎಸ್‌ಐಟಿಯ ಕೈಗೆ ಬಂತು. ಹಿತ್ತಾಳೆಯ ಚೂರು, ಒಂದು ಹಿಡಿಯಲ್ಲಿ ಮುಚ್ಚಬಹುದಾದಷ್ಟು. ಧಾರವಾಡದ ಯಾರೋ ಅದನ್ನು ಬೆಲೆಯಿಲ್ಲದ ವಸ್ತು ಅಂದಿದ್ದರೆ?

ಕಳೆದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ಕೊಟ್ಟಾಯಂ ಇದೆ. 1992ರ ಮಾರ್ಚ್ 27ರಂದು ಕಾನ್ವೆಂಟಿನ ಬಾವಿಯಲ್ಲಿ ಸಿಸ್ಟರ್ ಅಭಯಾ ಹೆಣ ಸಿಕ್ಕಿತು. ಸ್ಥಳೀಯ ಪೊಲೀಸರು, ಆಮೇಲೆ ಕ್ರೈಂ ಬ್ರಾಂಚಿನವರು ಆತ್ಮಹತ್ಯೆ ಎಂದು ಬರೆದು ಮುಗಿಸಿದರು. ಸಿಬಿಐ ಬರುವಷ್ಟರಲ್ಲಿ ಆಕೆಯ ಬಟ್ಟೆ, ಡೈರಿಗಳು ನಾಶವಾಗಿದ್ದವು. ಜೋಮೋನ್ ಪುತ್ತನ್‌ಪುರಯ್ಕಲ್ ಎಂಬ ಸಾಮಾಜಿಕ ಕಾರ್ಯಕರ್ತ, ರಕ್ತಸಂಬಂಧವಿಲ್ಲದ ಮನುಷ್ಯ, ಆ ಸಾವಿನ ಬೆನ್ನು ಬಿಡಲಿಲ್ಲ. ಸಿಬಿಐಯೇ ಮುಚ್ಚಿಬಿಡೋಣ ಎಂದಾಗಲೂ ಕೋರ್ಟು ಒಪ್ಪಲಿಲ್ಲ. 28 ವರ್ಷದ ಮೇಲೆ, 2020ರ ಡಿಸೆಂಬರ್‌ನಲ್ಲಿ ಒಬ್ಬ ಪಾದ್ರಿಗೂ ಒಬ್ಬ ಸನ್ಯಾಸಿನಿಗೂ ಜೀವಾವಧಿ ಶಿಕ್ಷೆಯಾಯಿತು. ಅಭಯಾ ಸತ್ತ ರಾತ್ರಿ ತಾಮ್ರ ಕದಿಯಲು ಕಾನ್ವೆಂಟಿನೊಳಗೆ ಹೋಗಿದ್ದ ಕಳ್ಳನೊಬ್ಬನ ಸಾಕ್ಷ್ಯ ಅದಕ್ಕೆ ಮುಖ್ಯ ಆಧಾರವಾಯಿತು. 2022ರಲ್ಲಿ ಕೇರಳ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಇಬ್ಬರಿಗೂ ಜಾಮೀನು ಕೊಟ್ಟಿತು. ಬಟ್ಟೆ ಇದ್ದಿದ್ದರೆ ಇತ್ಯರ್ಥ ಇತ್ತಲೋ ಅತ್ತಲೋ ಎಂದೋ ಆಗಿರುತ್ತಿತ್ತು. ಇಬ್ಬರು ತಪ್ಪಿತಸ್ಥರೋ ನಿರಪರಾಧಿಗಳೋ ಎಂಬುದನ್ನು ಒಬ್ಬ ಕಳ್ಳನ ನೆನಪಿನ ಮೇಲೆ ತೂಗಬೇಕಾಯಿತು. ಇದು ಯಾರಿಗೆ ನ್ಯಾಯ?

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಪ್ಪತ್ತು-ಎಂಬತ್ತರ ದಶಕದಲ್ಲಿ ಹದಿಮೂರು ಕೊಲೆ, ಲೆಕ್ಕವಿಲ್ಲದಷ್ಟು ಅತ್ಯಾಚಾರ ಮಾಡಿದ ಒಬ್ಬನನ್ನು 2018ರಲ್ಲಿ ಹಿಡಿದರು. ಅವನೊಬ್ಬ ಮಾಜಿ ಪೊಲೀಸ್. ಹಿಡಿಯಲು ದಾರಿಯಾದದ್ದು 1980ರಲ್ಲಿ ವೆಂಚುರಾ ಎಂಬಲ್ಲಿ ನಡೆದ ಜೋಡಿ ಕೊಲೆಯ ಒಂದು ಮಾದರಿ. ಶವಪರೀಕ್ಷೆ ಮಾಡಿದ ವೈದ್ಯರಿಗೆ ಮಾದರಿಯನ್ನು ಎರಡು ಸೆಟ್ ತೆಗೆದು ಒಂದನ್ನು ತಂಪಿನಲ್ಲಿ ಎತ್ತಿಡುವ ಅಭ್ಯಾಸ ಇತ್ತು. 38 ವರ್ಷದ ಮೇಲೆ ಅದರಿಂದ ಡಿಎನ್‌ಎ ತೆಗೆದು, ವಂಶಾವಳಿಯ ಜಾಲದಲ್ಲಿ ದೂರದ ನೆಂಟರನ್ನು ಹುಡುಕಿ, ಅಲ್ಲಿಂದ ಇಳಿದು ಇವನ ಮನೆಗೆ ಬಂದರು. ವೈದ್ಯರು ಅದನ್ನು ಎತ್ತಿಟ್ಟಾಗ ಡಿಎನ್‌ಎ ಪರೀಕ್ಷೆ ಎಂಬುದೇ ಪೊಲೀಸರಿಗೆ ಗೊತ್ತಿರಲಿಲ್ಲ. ನಾಳೆ ಯಾವ ವಿದ್ಯೆ ಬರುತ್ತದೋ ಯಾರಿಗೆ ಗೊತ್ತು ಎಂಬಷ್ಟು ವಿನಯ ಆ ಮನುಷ್ಯನಿಗಿತ್ತು.

ನಮ್ಮಲ್ಲಿ ಎತ್ತಿಡುವ ರೀತಿಯೇ ನಾಶದ ಮೊದಲ ಮೆಟ್ಟಿಲು. ರಕ್ತವೋ ವೀರ್ಯವೋ ಹತ್ತಿದ ಬಟ್ಟೆಯನ್ನು ನೆರಳಿನಲ್ಲಿ ಗಾಳಿಗೆ ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು, ಪ್ಲಾಸ್ಟಿಕ್‌ನಲ್ಲಿ ಇಟ್ಟರೆ ತೇವ ಒಳಗೇ ನಿಂತು ಬೂಷ್ಟು ಕಲೆಯನ್ನು ತಿಂದುಹಾಕುತ್ತದೆ. ಪ್ರಯೋಗಾಲಯದವರು ಇದನ್ನು ಹೇಳಿ ಹೇಳಿ ಸೋತಿದ್ದಾರೆ. ಜುಲೈ ತಿಂಗಳ ಹೊಸನಗರದಲ್ಲಿ, ಉಟ್ಟ ಬಟ್ಟೆಯೇ ಮೂರು ದಿನ ಒಣಗದ ಕಾಲದಲ್ಲಿ, ಹೆಣದ ಮೈಯಿಂದ ತೆಗೆದ ಒದ್ದೆ ಬಟ್ಟೆಯನ್ನು ಕವರಿಗೆ ತುರುಕಿ ದಾರ ಕಟ್ಟಿ ಅರಗು ಒತ್ತಿದರೆ ಸೀಲು ಭದ್ರವಾಗಿರುತ್ತದೆ. ಒಳಗಿನದು ಪ್ರಯೋಗಾಲಯ ಮುಟ್ಟುವ ಹೊತ್ತಿಗೆ ಗೊಬ್ಬರ. ಹೊಸ ಸಂಹಿತೆ ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕೆಂದು ಹೇಳುತ್ತದೆ. ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದೆ. ಬರಲಿ, ಸಂತೋಷ. ಬಂದವರು ಎತ್ತಿದ್ದನ್ನು ಎಲ್ಲಿ ಇಡುತ್ತಾರೆ? ಎಷ್ಟು ವರ್ಷ? ಅದರ ಬಗ್ಗೆ ಯಾರ ಬಾಯಲ್ಲೂ ಮಾತಿಲ್ಲ.

ಜಾಗ ಇಲ್ಲ ಸ್ವಾಮಿ, ಎಷ್ಟು ಅಂತ ಇಡೋದು ಅನ್ನುತ್ತಾರೆ ಠಾಣೆಯವರು. ಅವರ ಕಷ್ಟ ಸುಳ್ಳಲ್ಲ. ಕೂರಲು ಸರಿಯಾದ ಕುರ್ಚಿಯಿಲ್ಲದ ರೈಟರಿಗೆ ನಲವತ್ತು ವರ್ಷದ ಗಂಟುಗಳನ್ನು ಕಾಯಿರಿ ಎಂದರೆ ಅವನೇನು ಮಾಡಿಯಾನು. ಆದರೆ ಇದೇ ಸರ್ಕಾರ ಭೂ ಸುರಕ್ಷಾ ಎಂದು ಹೆಸರಿಟ್ಟು ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆಯಲ್ಲ. ತುಂಬ ಒಳ್ಳೆಯ ಕೆಲಸ. ಒಂದು ಎಕರೆ ಖುಷ್ಕಿಯ ಕಾಗದ ಉಳಿಯಬೇಕು, ಒಂದು ಹೆಣದ ಕಾಗದ ಬೇಡ. ಕಳೆದ ಜಮೀನಿಗೆ ವೋಟುಗಳಿವೆ. ಗುರುತು ಸಿಗದ ಹೆಣದ ಹಿಂದೆ ಯಾವ ಸಂಘವೂ ಇಲ್ಲ, ಸಮಾವೇಶವೂ ಇಲ್ಲ. ಯುಡಿಆರ್‌ನ ಎರಡು ಹಾಳೆ, ನಾಲ್ಕು ಫೋಟೊ ಸ್ಕ್ಯಾನ್ ಮಾಡಲು ಜಾಗ ಎಷ್ಟು ಬೇಕು? ನಿಮ್ಮ ಮೊಬೈಲಿನಲ್ಲಿ ಬೆಳಗಾದರೆ ಬಂದು ಬೀಳುವ ಶುಭೋದಯದ ಗುಲಾಬಿ ಹೂವಿಗಿಂತ ಕಡಿಮೆ.

ಮನೆಯವನೊಬ್ಬ ಕತ್ತಿ ತೊಳೆದಿಟ್ಟರೆ ಸಾಕ್ಷ್ಯನಾಶ, ಹಳೆಯ ಐಪಿಸಿಯ 201, ಹೊಸ ನ್ಯಾಯ ಸಂಹಿತೆಯ 238, ಜೈಲು. ಸರ್ಕಾರ ಅದೇ ಕತ್ತಿಯನ್ನು ಗುಜರಿಗೆ ಹಾಕಿದರೆ ವಿಲೇವಾರಿ. ತಪ್ಪಿತಸ್ಥನನ್ನು ಕಾಪಾಡುವ ಉದ್ದೇಶ ಇದ್ದರೆ ಮಾತ್ರ ಅಪರಾಧ ಎಂದು ಕಾನೂನು ಹೇಳುವುದರಿಂದ, ಉದ್ದೇಶವೇ ಇಲ್ಲದೆ ಸುಟ್ಟವನಿಗೆ ಭಯವಿಲ್ಲ. ರಾಜ್ಯಕ್ಕೆ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಅದರ ಹೆಸರನ್ನು ಠಾಣೆಯಲ್ಲಿ ಎತ್ತಿ ನೋಡಿ, ಅದು ಯಾವ ಇಲಾಖೆಯದು ಎಂದು ನಿಮ್ಮನ್ನೇ ಕೇಳುತ್ತಾರೆ.

1985ರಲ್ಲಿ ಭಗವಂತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ಪೊಲೀಸರು ಪ್ರಕರಣ ಮುಚ್ಚಲು ವರದಿ ಹಾಕಿದಾಗ, ಮ್ಯಾಜಿಸ್ಟ್ರೇಟರು ಅದನ್ನು ಒಪ್ಪುವ ಮೊದಲು ದೂರು ಕೊಟ್ಟವರಿಗೆ ನೋಟಿಸು ಕೊಟ್ಟು ಅವರ ಮಾತು ಕೇಳಬೇಕು. ಬಿ ರಿಪೋರ್ಟಿಗಾಗಲಿ ಸಿ ರಿಪೋರ್ಟಿಗಾಗಲಿ ಮನೆಯವರು ತಕರಾರು ಹಾಕಬಹುದು. ಮುಚ್ಚುವಾಗ ಕೇಳಬೇಕಾದರೆ ಸುಡುವಾಗ ಕೇಳಬೇಡವೇ? ಮುಚ್ಚಿದ್ದನ್ನು ತೆರೆಯಬಹುದು. ಹೆಚ್ಚಿನ ತನಿಖೆಗೆ ಕಾನೂನಿನಲ್ಲಿ ಬಾಗಿಲು ಇದ್ದೇ ಇದೆ. ಸುಟ್ಟದ್ದನ್ನು ತೆರೆಯುವ ಕಲಮು ಯಾವ ಸಂಹಿತೆಯಲ್ಲೂ ಇಲ್ಲ.

ಕಾಗದದ ಬೆಲೆ ಈ ಸೀಮೆಗೆ ಹೊಸತಾಗಿ ಹೇಳಿಕೊಡಬೇಕಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಕೊಳಗದ ಅಳತೆಯ ಜೊತೆ ಕೇಳಿದ್ದು ಕೊಟ್ಟ ಗೇಣಿಗೆ ಒಂದು ರಸೀದಿ. ಆ ಚೀಟಿಗಾಗಿ ಜೈಲಿಗೆ ಹೋದರು. ಚೀಟಿ ಇಲ್ಲದವನು ಉತ್ತ ಗದ್ದೆಯಲ್ಲೇ ಪರಕೀಯ ಎಂದು ದೀವರ ಮನೆಗಳಿಗೆ ಚೆನ್ನಾಗಿ ಗೊತ್ತಿತ್ತು. ಶರಾವತಿ ಮುಳುಗಡೆಯವರು ಅರವತ್ತು ವರ್ಷ ದಾಟಿದರೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಇಂಥ ನೆಲದಲ್ಲಿ ನಮ್ಮ ಸತ್ತವರ ಕಾಗದ ಸುಟ್ಟರೆ ಯಾಕೆ ಯಾರಿಗೂ ಬಿಸಿ ತಟ್ಟುವುದಿಲ್ಲ? ಬೀದಿಗಿಳಿಯಲು ಬಾರದವರೇನಲ್ಲ ನಾವು. 2014ರ ಅಕ್ಟೋಬರ್ ಕೊನೆಯಲ್ಲಾದ ಒಂದು ಸಾವಿಗಾಗಿ ತೀರ್ಥಹಳ್ಳಿ ಬಂದ್ ಆಯಿತು, ಪೇಟೆಯ ತುಂಬ ಪೊಲೀಸು, ಪ್ರಕರಣ ಸಿಐಡಿಗೆ ಹೋಯಿತು. ಮೊದಲ ವಾರದಲ್ಲಿ ಭಾಷಣ ಮಾಡಲು ಎಲ್ಲ ಬಣ್ಣದ ಶಾಲಿನವರೂ ಬರುತ್ತಾರೆ. ಹನ್ನೆರಡನೆಯ ವರ್ಷದಲ್ಲಿ ಮುದ್ದೆಮಾಲು ಎಲ್ಲಿದೆ ಎಂದು ಕೇಳಲು ಒಬ್ಬನೂ ಬರುವುದಿಲ್ಲ. ಕಿರುಚುವುದಕ್ಕೆ ಸಾವು ಸಾಕು, ಸಾಕ್ಷ್ಯ ಯಾರಿಗೂ ಬೇಡ.

ಯುಡಿಆರ್‌ನ ಕಾಗದ ಠಾಣೆಯಲ್ಲಿ ಹೋದರೂ ಎಲ್ಲ ಹೋಯಿತೆಂದಲ್ಲ, ಇದನ್ನು ಮನೆಯವರು ತಿಳಿದಿರಬೇಕು. ವಿಚಾರಣೆಯ ವರದಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ತಾಲ್ಲೂಕು ಕಚೇರಿಗೋ ಎ.ಸಿ. ಆಫೀಸಿಗೋ ಹೋಗಿರುತ್ತದೆ. ಮದುವೆಯಾಗಿ ಏಳು ವರ್ಷದೊಳಗೆ ಸತ್ತ ಹೆಣ್ಣುಮಗಳಾದರೆ ಪಂಚನಾಮೆಯನ್ನು ತಹಶೀಲ್ದಾರರೇ ಮಾಡಿರುತ್ತಾರೆ. ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆಯ ರಿಜಿಸ್ಟರು ಇರುತ್ತದೆ. ಪ್ರಯೋಗಾಲಯದಲ್ಲಿ ತನ್ನದೇ ನಂಬರಿನ ವರದಿ ಇರುತ್ತದೆ. ಇವೆಲ್ಲ ಗೆದ್ದಲಿಗೋ ಆದೇಶಕ್ಕೋ ಬಲಿಯಾಗುವ ಮೊದಲು ಓಡಬೇಕು.

ಮತ್ತೆ ಓಡದೆ ಕೂತಿರುವ ನಾವೆಲ್ಲ ಒಂದು ಕೆಲಸ ಮಾಡಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಸಾಗರ ಪೇಟೆ, ಸಾಗರ ಗ್ರಾಮಾಂತರ, ಆನಂದಪುರ, ಕಾರ್ಗಲ್, ಹೊಸನಗರ, ರಿಪ್ಪನ್‌ಪೇಟೆ, ನಗರ, ತೀರ್ಥಹಳ್ಳಿ, ಮಾಳೂರು, ಆಗುಂಬೆ, ಪ್ರತಿ ಠಾಣೆಯ ಹೆಸರಿಗೂ ಒಂದೊಂದು ಹೋಗಲಿ. ಯಾರು ಬೇಕಾದರೂ ಹೀಗೆ ಬರೆಯಬಹುದು:

“ತಮ್ಮ ಠಾಣೆಯಲ್ಲಿ 1990ರಿಂದ ಈವರೆಗೆ ದಾಖಲಾದ ಅಸಹಜ ಸಾವಿನ ಪ್ರಕರಣಗಳ ವರ್ಷವಾರು ಸಂಖ್ಯೆ ಕೊಡಿ. ಪತ್ತೆಯಾಗದೆ ಮುಚ್ಚಿದ ಹಾಗೂ ಆರೋಪಿಗಳು ಖುಲಾಸೆಯಾದ ಕೊಲೆ ಪ್ರಕರಣಗಳ ಸಂಖ್ಯೆ ಕೊಡಿ. ಈ ಪೈಕಿ ಎಷ್ಟರ ಕಡತ, ಫೋಟೊ, ಮುದ್ದೆಮಾಲು ಈಗ ಠಾಣೆಯಲ್ಲಿವೆ? ಎಷ್ಟನ್ನು ನಾಶಪಡಿಸಲಾಗಿದೆ? ನಾಶಪಡಿಸಿದ ದಿನಾಂಕ, ಆದೇಶದ ಸಂಖ್ಯೆ, ಆದೇಶ ಮಾಡಿದ ಅಧಿಕಾರಿಯ ಹುದ್ದೆ ತಿಳಿಸಿ. ನಾಶಪಡಿಸುವ ಮುನ್ನ ಮಾಡಿದ ಪಟ್ಟಿಯ ನಕಲು ಕೊಡಿ. ನಾಶಪಡಿಸುವ ಮುನ್ನ ಸತ್ತವರ ಮನೆಯವರಿಗೆ ತಿಳಿಸಿದ ಪತ್ರಗಳ ನಕಲು ಕೊಡಿ.”